ಬಲಗೈಗೆ ಕಟ್ಟಿದ ಕರಿ ಉಣ್ಣೆ

ಕಾಗವಾಡದ ಸೆಮಿಫೈನಲ್ಲಿನಲ್ಲಿ ನನ್ನ ತಮ್ಮ ಬೀರದೇವನ ಎಡಗಾಲು ಗೆರೆಯ ಆಚೆಗೆ ಹೋದದ್ದನ್ನು ನಾನು ಮೊಬೈಲಿನಲ್ಲಿ ಹಿಂದಕ್ಕೆಳೆದು ಹಿಂದಕ್ಕೆಳೆದು ನೋಡಿದ್ದೇನೆ. ಈಗ ಕಾಲೇಜು ಹುಡುಗರ ಕಬಡ್ಡಿಯನ್ನೂ ಕ್ಯಾಮೆರಾ ಇಟ್ಟು ಯೂಟ್ಯೂಬಿಗೆ ಲೈವ್ ಬಿಡುತ್ತಾರೆ. ಪಂದ್ಯ ಮುಗಿದು, ಮ್ಯಾಟು ಸುತ್ತಿ, ಎಲ್ಲರೂ ಮನೆಗೆ ಹೋದರೂ ಆ ಕಾಲು ಅಲ್ಲೇ ಇರುತ್ತದೆ.

ಚಿಕ್ಕೋಡಿ ಕಾಲೇಜು ಮುಂದಿತ್ತು. ಬೀರದೇವ ರೇಡಿಗೆ ಹೋದ. ಯಾರೂ ಅವನನ್ನು ಮುಟ್ಟಲಿಲ್ಲ, ತಳ್ಳಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದ, ಎಡಗಾಲು ಗೆರೆ ದಾಟಿತು, ಅಂಪೈರ್ ಸೀಟಿ ಊದಿದ. ಒಂದು ಪಾಯಿಂಟು ಎದುರಿನವರಿಗೆ. ಪಂದ್ಯವನ್ನು ನಮ್ಮವರೇ ಗೆದ್ದರು, ಹಾಗಾಗಿ ಎಲ್ಲರೂ ಆ ಕಾಲನ್ನು ಮರೆತರು. ನಾನು ಮರೆಯಲಿಲ್ಲ. ಚಿಕ್ಕವನಿದ್ದಾಗ ಕಬ್ಬಿನ ಹೊಲದ ಬದುವಿನ ಮೇಲೆ ಕಣ್ಣು ಮುಚ್ಚಿಕೊಂಡು ಓಡುತ್ತಿದ್ದ ಹುಡುಗ ಅವನು. ಗೆರೆ ಎಲ್ಲಿದೆ ಎಂಬುದು ಅವನ ಪಾದಕ್ಕೆ ಗೊತ್ತಿರುತ್ತದೆ.

ನಮ್ಮೂರು ಭೋಜ. ಅಪ್ಪ ವರ್ಷದ ಅರ್ಧ ಕುರಿ ಹಿಂಡಿನ ಸಂಗಡ ಗಡಿಯಾಚೆ ಇರುತ್ತಾನೆ. ಮನೆಯಲ್ಲಿ ಅವ್ವ, ನಾನು, ಹಿಂಡಿಗೆ ಹೋಗಲಾಗದ ಮರಿಗಳು. ಬೀರದೇವ ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಕೊನೆಯ ವರ್ಷ ಓದುತ್ತಾನೆ, ಕಾಲೇಜು ತಂಡದ ನಾಯಕ. ಈ ಫೈನಲ್ಲಿನಲ್ಲಿ ಚೆನ್ನಾಗಿ ಆಡಿದರೆ ಯೂನಿವರ್ಸಿಟಿ ತಂಡಕ್ಕೆ ಹೋಗುತ್ತಾನೆ, ಅಲ್ಲಿಂದ ಮುಂದೆ ಆಟದ ಕೋಟಾದಲ್ಲಿ ನೌಕರಿ. ನಾನು ಅದೇ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದೇನೆ. ನಾನು ಹೆಚ್ಚು ಮಾತಾಡುವವಳಲ್ಲ. ಓಣಿಯ ಹೆಂಗಸರು ನನಗೆ ಮೂಗವ್ವ ಎನ್ನುತ್ತಾರೆ, ಎದುರಿಗೇ.

ಸೆಮಿಫೈನಲ್ ಆದ ಮರುದಿನವೇ ಸಾದಿಕ ನಿಪ್ಪಾಣಿ ರಸ್ತೆಯಲ್ಲಿ ಬಿದ್ದ. ಸಾದಿಕ ತಂಡದ ಮೂಲೆಯ ಹಿಡಿತಗಾರ. ಅವನು ಕಾಲು ಹಿಡಿದರೆ ಬಿಡಿಸಿಕೊಂಡು ಹೋದವರಿಲ್ಲ. ಬೀರದೇವನ ರೂಮೇಟು ಕೂಡ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿ ರಹಿಮಾಬಿಯನ್ನು ನೋಡಿ ಬೈಕಿನಲ್ಲಿ ವಾಪಸು ಬರುತ್ತಿದ್ದನಂತೆ. ಮೊಣಕಾಲಿನ ಒಳಗೇ ಏನೋ ಹರಿದಿದೆ ಎಂದು ಡಾಕ್ಟರು ಹೇಳಿದರು. ಗಾಡಿ ಜಾರಿತು ಎಂದು ಸಾದಿಕ ಹೇಳಿದ. ರಸ್ತೆ ಒಣಗಿತ್ತು, ಹಗಲಿತ್ತು. ನಾನು ಕೇಳಲಿಲ್ಲ. ನಾನು ಯಾವುದನ್ನೂ ಕೇಳುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಆ ವಾರವೇ ಲಖನಶೇಠ ನಮ್ಮ ಮನೆಗೆ ಬಂದ.

ಲಖನಶೇಠ ನಿಪ್ಪಾಣಿಯವನು. ತಂಬಾಕಿನ ಗೋದಾಮಿದೆ ಎನ್ನುತ್ತಾರೆ, ಲಾಡ್ಜಿದೆ ಎನ್ನುತ್ತಾರೆ, ಎರಡನ್ನೂ ನೋಡಿದವರನ್ನು ನಾನು ಕಂಡಿಲ್ಲ. ತಂಡಕ್ಕೆ ಜರ್ಸಿ ಕೊಡಿಸಿದವನು ಅವನೇ. ಗೆದ್ದಾಗ ಹುಡುಗರನ್ನು ಹೈವೇ ಧಾಬಾಕ್ಕೆ ಕರೆದೊಯ್ದು ಮಟನ್ ಊಟ ಹಾಕಿಸುತ್ತಿದ್ದ. ಅವನನ್ನು ತಂಡಕ್ಕೆ ಪರಿಚಯಿಸಿದವರು ಕಾಲೇಜಿನ ಕ್ರೀಡಾ ಮೇಷ್ಟ್ರು ಮುರಗೆಪ್ಪ ಸರ್. ಬೀರದೇವ ರಜೆಗೆಂದು ಊರಿಗೆ ಬಂದ ದಿನವೇ ಶೇಠನ ಬಿಳಿ ಕಾರು ನಮ್ಮ ಕುರಿ ದಡ್ಡಿಯ ಮುಂದೆ ನಿಂತಿತು. ಬೀರದೇವ ಊರಿಗೆ ಬಂದಿದ್ದಾನೆಂದು ಇವನಿಗೆ ಹೇಳಿದವರು ಯಾರು?

ಅವ್ವ ಚಹಾ ಮಾಡಿದಳು. ಕಪ್ಪುಬಸಿ ತಂದಿಟ್ಟವಳು ನಾನು.

"ಮಾವಶೀ, ಚಹಾ ಏಕದಂ ಝಕಾಸ್ ಆಗೇತಿ. ಯಾವ ಹಾಲು?"

"ಆಡಿಂದ್ರಿ. ಎಮ್ಮಿ ಬತ್ತೇತಿ."

"ಅದಕ ನೋಡ್ರಿ ನಿಮ್ಮ ಮಗಾ ಹಂಗ ಜಿಗ್ಯಾಕತ್ತಾನ! ನಮ್ಮ ಮನ್ಯಾಗ ಪ್ಯಾಕೆಟ್ ಹಾಲು. ನಮ್ಮ ಹುಡುಗ ಸೋಫಾದಿಂದ ಏಳಾಂಗಿಲ್ಲ."

ಅವ್ವನಿಗೆ ನಗು ತಡೆಯಲಿಲ್ಲ. ಶೇಠನಿಗೆ ಕೊಟ್ಟು ಕಳಿಸಲು ಆಡಿನ ಹಾಲು ಕರೆದು ತರುತ್ತೇನೆಂದು ಹಿತ್ತಲಿಗೆ ಹೋದಳು. ನಾನು ಖಾಲಿ ಕಪ್ಪು ತೆಗೆದುಕೊಳ್ಳಲು ಬಾಗಿದೆ.

"ಇವ್ರು?" ಎಂದ ಲಖನಶೇಠ.

"ನಮ್ಮಕ್ಕ, ಗಂಗಾ."

"ಮಾತಾಡಾಂಗಿಲ್ಲೇನು?"

"ಕಡಿಮಿ."

"ಚಲೋ ಆತು," ಎಂದು ನಕ್ಕು, ನಾನು ಗೋಡೆಯ ಮೊಳೆಯೇನೋ ಎಂಬಂತೆ ಅವನು ಮಾತು ಮುಂದುವರಿಸಿದ. "ಬೀರೂ, ಕಾಗವಾಡದಾಗ ಕಾಲು ಹೊರಗ ಇಟ್ಟಿ ನೋಡು, ನಮ್ಮ ಮಿರಜಿನ ಮಂದಿ ಬಾಳ ಖುಷ್ ಆದ್ರು."

"ಇಟ್ಟಿಲ್ರಿ. ಜಾರಿತು."

"ನಾ ಎಲ್ಲಿ ಇಟ್ಟಿ ಅಂದ್ನಿ?"

"ಈಗ ಅಂದ್ರೆಲ್ರಿ."

"ಅರೆ, ಮಾತಿಗೆ ಅಂದ್ನಿ ಮಾರಾಯ. ಜಾರಿತು. ಆತು. ಫೈನಲ್‌ದಾಗೂ ಒಂದೆರಡು ಸಲ ಜಾರಲಿ ಅಷ್ಟ. ನಿಮ್ಮ ಆಟದ ಮ್ಯಾಲ ಮಿರಜ, ಇಚಲಕರಂಜಿ, ಎಲ್ಲೆಲ್ಲಿ ಮಂದಿ ಬೆಟ್ ಕಟ್ಟಾಕತ್ತಾರ ಅಂದ್ರ ನಿನಗ ನಂಬಿಕಿ ಆಗಾಂಗಿಲ್ಲ. ನಾ ಒಬ್ಬನ ಇದ್ರಾಗ ಇಲ್ಲ, ನನ್ನ ಮ್ಯಾಲ ಬಾಳ ಮಂದಿ ಅದಾರ."

ಬೀರದೇವ ನೆಲ ನೋಡುತ್ತಿದ್ದ.

"ಆಟದ ದಿನ ಮುರಗೆಪ್ಪ ಸರ್ ಮೊಬೈಲ್ ಎಲ್ಲಾ ಕಸ್ಕೋತಾರ. ನಾನೂ ನಿನ್ನ ಹತ್ರ ಬರಾಂಗಿಲ್ಲ, ಮಂದಿ ನೋಡ್ತಾರ. ಅದಕ ಸರಳ ಹೇಳ್ತೀನಿ. ಆಗ್ತೈತಿ ಅಂದ್ರ ಬಲಗೈಗೆ ಕರೀದು ಏನರ ಕಟ್ಕೊಂಡ ಬಾ. ಪಟ್ಟಿ ಇರ್ಲಿ, ದಾರ ಇರ್ಲಿ. ಕ್ಯಾಮೆರಾದಾಗ ಕಂಡ್ರ ಸಾಕು, ಎಲ್ಲಿ ಕುಂತವ್ರೂ ತಿಳ್ಕೋತಾರ. ಬರೇ ಕೈಲೆ ಬಂದ್ರ ಇಲ್ಲಾ ಅಂತ ತಿಳ್ಕೋತಾರ. ಜಬರ್ದಸ್ತಿ ಏನಿಲ್ಲ." ಕಾರಿನ ಕೀಲಿ ಕೈಗೆತ್ತಿಕೊಂಡು ಹೇಳಿದ: "ಆದ್ರ ಕರೀದು ಕಟ್ಕೊಂಡ ಬಂದು, ಆಟ ಬ್ಯಾರೆ ಆಡಿದ್ರ ಅದು ಮೋಸ. ಮೋಸ ಮಾತ್ರ ನಮ್ಮ ಮಂದಿಗೆ ಸಹನ ಆಗೂದಿಲ್ಲ. ಸಾದಿಕನ ಮೊಣಕಾಲು ಹೆಂಗೈತಿ ಈಗ? ಹಾದಿ ಬಾಳ ಕೆಟ್ಟ ನೋಡು. ಆಡೋ ಹುಡುಗ್ರಿಗೆ ಕಾಲ ಅಂದ್ರ ಎಲ್ಲಾ."

"ನೋಡೋಣ್ರಿ," ಎಂದ ನನ್ನ ತಮ್ಮ.

ಬೇಡ ಎನ್ನಲಿಲ್ಲ. ನೋಡೋಣ ಎಂದ. ಆ ಮಾತನ್ನು ನಾನು ಒಳಗೊಯ್ದು ಕಪ್ಪಿನ ಜೊತೆ ತೊಳೆದೆ, ಹೋಗಲಿಲ್ಲ.

ಕಾರು ಹೋದ ಮೇಲೆ ಅವನು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. "ನೀ ಏನೂ ಕೇಳಿಲ್ಲ. ತಿಳೀತಿಲ್ಲೋ ಅಕ್ಕಾ?" ಎಂದ. ಅದು ಬೆದರಿಕೆಯೋ ಬೇಡಿಕೆಯೋ ನನಗೆ ತಿಳಿಯಲಿಲ್ಲ. ಸಂಜೆಯ ಬಸ್ಸಿಗೇ ಹಾಸ್ಟೆಲಿಗೆ ಹೊರಟುಹೋದ. ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು.

"ಹುಡುಗ ಉಣ್ಣೂದ ಬಿಟ್ಟಾನ," ಎಂದಳು ಅವ್ವ. "ಯಾರದೋ ಕಣ್ಣ ಬಿದ್ದೈತಿ. ನಿನಗೇನರ ಗೊತ್ತೈತೇನು?"

ನಾನು ತಲೆಯಲ್ಲಾಡಿಸಿದೆ. ಅವ್ವನಿಗೆ ಹೇಳಿದರೆ ಅವಳು ಓಣಿಗೆಲ್ಲ ಕೇಳುವಂತೆ ಲಖನಶೇಠನ ವಂಶ ಜಾಲಾಡುತ್ತಾಳೆ; ಅದು ಅವನ ಕಿವಿಗೆ ಬೀಳಲು ಹೊತ್ತು ಬೇಕಿಲ್ಲ. ಮುರಗೆಪ್ಪ ಸರ್‌ಗೆ ಹೇಳೋಣವೆಂದರೆ, ಅವನನ್ನು ಕರೆತಂದವರೇ ಅವರು. ಅವರ ಕೈಗಡಿಯಾರ ಹೊಸದು ಎಂಬುದು ನನಗೆ ಆಗ ನೆನಪಾಯಿತು. ಹೊಸ ಗಡಿಯಾರ ಯಾರು ಬೇಕಾದರೂ ಕೊಳ್ಳಬಹುದು. ಆದರೂ ನೆನಪಾಯಿತು. ಅಪ್ಪನ ಮೊಬೈಲು ಯಾವುದೋ ಗುಡ್ಡದ ಹಿಂದೆ ಸತ್ತಿತ್ತು. ದಿನಾ ತಮ್ಮನಿಗೆ ಫೋನು ಮಾಡಿ, "ಊಟ ಆತೇನ?" ಎನ್ನುತ್ತಿದ್ದೆ. "ಆತು," ಎನ್ನುತ್ತಿದ್ದ. ಆಮೇಲೆ ಇಬ್ಬರೂ ಫೋನು ಇಡುತ್ತಿದ್ದೆವು.

ಫೈನಲ್ಲು ಚಿಕ್ಕೋಡಿಯಲ್ಲಿ, ನಮ್ಮದೇ ಕಾಲೇಜಿನ ಮೈದಾನದಲ್ಲಿ. ಎದುರಾಳಿ ಅಥಣಿಯ ಕಾಲೇಜು. ಬೆಳಿಗ್ಗೆ ನಾನೂ ಅವ್ವನೂ ಬಸ್ಸಿನಲ್ಲಿ ಹೋದೆವು. ಅವ್ವ ಬುತ್ತಿ ಗಂಟು ಹಿಡಿದು ಹಾಸ್ಟೆಲಿನ ಕಡೆ ನಡೆದಳು. ಪೆಂಡಾಲಿನ ನೆರಳಲ್ಲಿ ಜಾಗ ಹಿಡಿಯಲು ನನ್ನನ್ನು ಮೈದಾನಕ್ಕೆ ಕಳಿಸಿದಳು. ದಾರಿಯುದ್ದಕ್ಕೂ ಅವಳ ಕೈ ಸೊಂಟದ ಉಡಿಯ ಮೇಲೇ ಇತ್ತು. ಬಸ್ಸಿನ ಟಿಕೆಟು ಇಟ್ಟುಕೊಂಡಿರಬೇಕು ಎಂದುಕೊಂಡೆ.

ಮ್ಯಾಟಿನ ಪಕ್ಕದಲ್ಲಿ ಸಾದಿಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಪಟ್ಟಿ ಸುತ್ತಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದ. ತೊಡೆಯ ಮೇಲೆ ತಂಡದ ಔಷಧಿ ಚೀಲ.

"ಬಾ ಅಕ್ಕಾ, ಬಾ. ಇವತ್ತರ ಒಮ್ಮೆ ಚೀರ್ತಿಯೋ ಇಲ್ಲೋ? ನಿನ್ನ ಧ್ವನಿ ಕೇಳಬೇಕಂದ್ರ ತಹಶೀಲ್ದಾರ ಆಫೀಸಿಗೆ ಅರ್ಜಿ ಕೊಡಬೇಕೇನು?"

ನಾನು ಅವನ ಪಕ್ಕ ಕೂತೆ. ಎಲ್ಲಿಂದ ಬಂತೋ ಧೈರ್ಯ, ಕೇಳಿದೆ: "ಸಾದಿಕ, ನೀ ಖರೇನ ಬಿದ್ದಿಯೇನು?"

ಅವನ ನಗು ತುಟಿಯ ಮೇಲೇ ಉಳಿಯಿತು, ಕಣ್ಣಿನಲ್ಲಿ ಇರಲಿಲ್ಲ. ಪಟ್ಟಿಯ ಅಂಚು ಎಳೆಯುತ್ತ, "ಗಾಡಿ ಜಾರಿತಕ್ಕ," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಪೊಲೀಸರ ಹತ್ರನೂ ಜಾರಿತು ಅಂತನ ಬರ್ಸೀನಿ. ಅಮ್ಮಿ ಒಬ್ಬಾಕಿನ ಇರ್ತಾಳ ಮನ್ಯಾಗ."

ಆಗ ಹುಡುಗರು ಮೈ ಬಿಸಿ ಮಾಡಿಕೊಳ್ಳಲು ಹೊರಬಂದರು. ಮುಂದೆ ಬೀರದೇವ, ಏಳನೇ ನಂಬರು. ಬಲಗೈಯ ಮಣಿಕಟ್ಟಿನಲ್ಲಿ ಕರಿಯದೊಂದು.

ಕಾಗವಾಡದ ಕಾಲು, ನೋಡೋಣ್ರಿ ಎಂಬ ಮಾತು, ಉಣ್ಣದೆ ಬಿಟ್ಟ ರೊಟ್ಟಿ, ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂತವು. ಅತಿಥಿಗಳ ಸೋಫಾದ ಸಾಲಿನಲ್ಲಿ ಲಖನಶೇಠ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನೂ ಆ ಕೈಯನ್ನು ನೋಡಿದ. ಮೀಸೆಯಡಿ ನಕ್ಕು, ಕ್ಯಾಮೆರಾದ ಕಡೆ ತಿರುಗಿ, "ಅಮಿತ, ಲೈವ್ ಯಾವಾಗ ಲೇ?" ಎಂದು ಕೂಗಿದ.

"ಮುಖ್ಯ ಅತಿಥಿ ಬರ್ಲಿ ಶೇಠ. ಬಂದ ಕೂಡ್ಲೆ ಬಿಡ್ತೀನಿ," ಎಂದ ಕ್ಯಾಮೆರಾದವ. ಕ್ಯಾಮೆರಾದ ಕಣ್ಣಿಗೆ ಇನ್ನೂ ಮುಚ್ಚಳ ಇತ್ತು.

ಅವ್ವ ಏದುಸಿರು ಬಿಡುತ್ತ ಬಂದು ನನ್ನ ಪಕ್ಕ ಕುಕ್ಕರಿಸಿದಳು. ಮುಖದಲ್ಲಿ ಬಹಳ ದಿನಗಳ ಮೇಲೆ ಸಮಾಧಾನ.

"ಕಟ್ಟಿ ಬಂದ್ನಿ."

"ಏನ?"

"ಕಂಕಣ. ಆಯ್ತವಾರ ಬೀರಪ್ಪನ ಪೂಜಾರಿ ಕಡೆ ಭಂಡಾರದ ಅರಿಷಿಣ ಹಚ್ಚಿಸಿ ತಂದಿದ್ನಿ. ಉಣ್ಣಿ ನಾನ ಹೊಸದೀನಿ, ಕರಿ ಕುರಿದು. ನಿನಗ ಹೇಳಿದ್ರ ಮೂಢನಂಬಿಕಿ ಅಂತಿ, ಓದಿದಾಕಿ. ಅದಕ ಉಡ್ಯಾಗ ಇಟ್ಕೊಂಡಿದ್ನಿ."

"ಅಂವಾ ಬ್ಯಾಡ ಅನ್ಲಿಲ್ಲೇನು?"

"ಯಾಕ ಅಂತಾನ? ಸುಮ್ನ ಕೈ ಮುಂದ ಮಾಡಿದ. ಕಣ್ಣಾಗ ನೀರ ತಂದ, ಹುಚ್ಚ."

ಗಂಡಸರಿಗೆ ಕಂಕಣ ಕಟ್ಟುವುದು ಬಲಗೈಗೆ. ಕರಿ ಉಣ್ಣೆಯದ್ದೇ ಕಟ್ಟಬೇಕು. ಹರಕೆ ತೀರಿಸಿ, ಗುಡಿಯ ಮುಂದೆ ಪೂಜಾರಿ ಬಿಚ್ಚುವ ತನಕ ಅದನ್ನು ಕಟ್ಟಿಕೊಂಡವನು ಮುಟ್ಟಿ ತೆಗೆಯುವಂತಿಲ್ಲ. ನಮ್ಮ ಮನೆಗಳಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಲಖನಶೇಠನಿಗೆ ಗೊತ್ತಿಲ್ಲ. ಅವ್ವನಿಗೆ ಲಖನಶೇಠನ ಗುರುತು ಗೊತ್ತಿಲ್ಲ. ಎರಡೂ ಗೊತ್ತಿದ್ದವರು ಆ ಮೈದಾನದಲ್ಲಿ ಇಬ್ಬರೇ, ಒಬ್ಬಳು ನಾನು, ಇನ್ನೊಬ್ಬ ಸುಮ್ಮನೆ ಕೈ ಮುಂದೆ ಮಾಡಿದವನು.

ಯಾಕೆ ಸುಮ್ಮನೆ ಮಾಡಿದ? ಅವ್ವನಿಗೆ ಬೇಡ ಎನ್ನಲಾಗದೆಯೋ, ಅಥವಾ ತಾನು ಕಟ್ಟಿಕೊಳ್ಳಬೇಕಾಗಿದ್ದನ್ನು ಅವ್ವನೇ ತಂದು ಕಟ್ಟಿದಳೆಂದೋ? ದೂರದಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ನೋಡಿ ಏನೂ ತಿಳಿಯುವುದಿಲ್ಲ. ಒಂದು ಮಾತ್ರ ಸ್ಪಷ್ಟವಿತ್ತು. ಆ ಮುಚ್ಚಳ ತೆರೆದ ಕೂಡಲೆ ಕರಿ ದಾರ ಹೂಂ ಎಂದು ಹೇಳುತ್ತದೆ. ಆಮೇಲೆ ಅವನು ಗೆಲ್ಲಲು ಆಡಿದರೆ ಅದು ಮೋಸ, ಅವನ ಕಾಲು ಹೋಗುತ್ತದೆ. ಸೋಲಲು ಆಡಿದರೆ, ಆ ವಿಚಾರವನ್ನು ನಾನು ಪೂರ್ತಿ ಮಾಡಲಿಲ್ಲ.

ಗೇಟಿನ ಬಳಿ ಅತಿಥಿಯ ಕಾರಿನ ಹಾರ್ನ್ ಕೇಳಿತು. ನಾನು ಎದ್ದು ಹಗ್ಗದಡಿ ನುಸುಳಿ ಅಂಪೈರುಗಳ ಟೇಬಲಿನ ಕಡೆ ನಡೆದೆ. "ಎಲ್ಲಿ ಹೊಂಟಿ ಬೇ?" ಎಂದಳು ಅವ್ವ.

ರೆಫರಿ ರಾಯಬಾಗದವರು, ಸಮಾಧಾನ ಸರ್. ಆಟಕ್ಕೆ ಮೊದಲು ಉಗುರು, ಉಂಗುರ, ದಾರ ನೋಡುವುದು ಅವರ ಕೆಲಸ. ಅಂದು ಅತಿಥಿಯ ಗಡಿಬಿಡಿಯಲ್ಲಿ ಉಗುರನ್ನಷ್ಟೇ ನೋಡಿ ಬಿಟ್ಟಿದ್ದರು.

"ಸರ್," ಎಂದೆ. ನನಗೇ ಕೇಳಲಿಲ್ಲ. "ಸರ್!"

ತಿರುಗಿ ನೋಡಿದರು.

"ಏಳನೇ ನಂಬರಿನವನ ಕೈಯಾಗ ದಾರ ಐತ್ರಿ. ರೂಲಿನಾಗ ನಡ್ಯಾಂಗಿಲ್ಲ."

"ನೀವು ಅಥಣಿ ಕಡೇವ್ರೇನ್ರಿ?"

"ಅಲ್ರಿ. ಅವನ ಅಕ್ಕ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟರಲ್ಲಿ ಅಥಣಿಯ ನಾಯಕನ ಕಿವಿಗೆ ಬಿದ್ದಿತ್ತು. "ಹೌದ್ ಸರ್! ತಗಸ್ರಿ ಅದನ್ನ. ನಾಳೆ ಗೀಚಿತು ಅಂದ್ರ ಯಾರ ಜವಾಬ್ದಾರಿ?" ಎಂದು ಕೈ ಎತ್ತಿದ.

ಬೀರದೇವನನ್ನು ಕರೆದರು. ಅವನು ನನ್ನನ್ನು ನೋಡಿದ. ಆ ನೋಟ ಹೇಗಿತ್ತು ಎಂದು ಬರೆಯಲು ಹೋಗಿ ಹಲವು ಸಲ ಹೊಡೆದುಹಾಕಿದ್ದೇನೆ. ನಾನು ಅವನನ್ನು ಇಷ್ಟು ದಿನ ಹೇಗೆ ನೋಡಿದ್ದೆನೋ ಹಾಗಿತ್ತು ಎಂದರೆ ಸಾಕು.

"ತಗ್ಯಾಕ ಬರಾಂಗಿಲ್ರಿ ಸರ್. ಕಂಕಣ ಐತಿ."

ಹಗ್ಗದಾಚೆ ಗದ್ದಲವೆದ್ದಿತು. "ಏ ಅಂಪೈರಾ, ದೇವರ ಕಂಕಣಕ್ಕ ಕೈ ಹಚ್ಚಬ್ಯಾಡ!" ಎಂದು ನಮ್ಮವನೊಬ್ಬ ಕೂಗಿದ. "ಹಂಗಾರ ಕಂಬಳಿನೂ ಹೊದ್ಕೊಂಡ ಬಾರಲೇ ಆಡಾಕ!" ಎಂದು ಅಥಣಿ ಕಡೆಯವನೊಬ್ಬ ಉತ್ತರ ಕೊಟ್ಟ. ನಗುವೋ ನಗು. ಅವ್ವ ಎದ್ದು ನಿಂತು ಸೆರಗು ಬಿಗಿಯುತ್ತಿದ್ದಳು.

ಸಮಾಧಾನ ಸರ್ ಕಂಕಣವನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು. ಉಣ್ಣೆಯ ನಡುವೆ ಕಟ್ಟಿದ್ದ ಅರಿಷಿಣ ಕೊಂಬು ಕಂಡಿರಬೇಕು. "ಬಿಚ್ಚೂದು ಬ್ಯಾಡ, ಮುಚ್ಚಿಬಿಡ್ರಿ. ಟೇಪ್ ಐತೇನ್ರಿ ಯಾರ ಹತ್ರರ?"

"ಐತ್ರಿ," ಎಂದ ಸಾದಿಕ ಕುರ್ಚಿಯಿಂದಲೇ. "ನನ್ನ ಮೊಣಕಾಲ ಉಂಡು ಬಿಟ್ಟದ್ದು ಉಳದೈತಿ. ಬಾರಲೇ ಬೀರ್ಯಾ, ಕೈ ಕೊಡು."

ಅವನೇ ಸುತ್ತಿದ, ಬಿಗಿಯಾಗಿ. ಬಿಳಿ ಟೇಪಿನ ಒಳಗೆ ಕರಿ ಉಣ್ಣೆಯ ಒಂದೆಳೆಯೂ ಕಾಣಲಿಲ್ಲ. ಅತಿಥಿ ಬಂದರು, ತಂಡಗಳು ಸಾಲಾಗಿ ನಿಂತವು. ಅಮಿತ ಮುಚ್ಚಳ ತೆಗೆದು ಕ್ಯಾಮೆರಾವನ್ನು ಮುಖದಿಂದ ಮುಖಕ್ಕೆ, ಕೈಕುಲುಕುವ ಕೈಯಿಂದ ಕೈಗೆ ಸರಿಸಿದ. ಏಳನೇ ನಂಬರಿನ ಕೈ ಬೆಳ್ಳಗಿತ್ತು.

ಲಖನಶೇಠ ಕಾಲ ಮೇಲಿನ ಕಾಲು ಇಳಿಸಿದ. ಅವನ ಮೊಬೈಲು ಬಡಿದುಕೊಳ್ಳತೊಡಗಿತ್ತು. "ಹೋ, ಹೋ, ಬಘತೋ," ಹೌದು, ನೋಡ್ತೀನಿ ಎಂದು ಮರಾಠಿಯಲ್ಲಿ ಹೇಳುತ್ತ ಪೆಂಡಾಲಿನ ಹಿಂದೆ ಹೋದ. ತಿರುಗಿ ಬಂದಾಗ ಸೋಫಾದ ತುದಿಯಲ್ಲಿ ಕೂತ.

ಆಟವನ್ನು ನಾನು ನೋಡಿದೆನೆಂದು ಹೇಳಲಾರೆ. ನಾನು ನೋಡಿದ್ದು ಒಂದು ಎಡಗಾಲನ್ನು. ಸಾದಿಕನಿಲ್ಲದ ಮೂಲೆ ತೆರೆದ ಬಾಗಿಲಿನಂತಿತ್ತು. ಅಥಣಿಯವರು ಅಲ್ಲಿಂದಲೇ ಬಂದು ಪಾಯಿಂಟು ಒಯ್ಯುತ್ತಿದ್ದರು. ಬೀರದೇವ ಹೋಗುತ್ತಿದ್ದ, ಮುಟ್ಟುತ್ತಿದ್ದ, ಓಡಿ ಬರುತ್ತಿದ್ದ. ಅವನು ಪಾಯಿಂಟಿಲ್ಲದೆ ಬಂದಾಗಲೆಲ್ಲ ನನಗೆ ಕಾಗವಾಡದ ಕಾಲೇ ನೆನಪಾಗುತ್ತಿತ್ತು. ಕೊನೆಗೆ ಎರಡೂ ಕಡೆ ಸಮ. ಉಳಿದದ್ದು ಅವನ ಒಂದು ರೇಡು.

ಉಸಿರು ಹಿಡಿದು ಹೋದ. ಅಥಣಿಯವರು ಅವನನ್ನು ಎಡ ಮೂಲೆಗೆ ಒತ್ತಿದರು, ಕಾಗವಾಡದಲ್ಲಿ ಹೋದ ಅದೇ ಮೂಲೆಗೆ. ಅವನ ಹಿಮ್ಮಡಿ ಗೆರೆಯ ಮೇಲೆ ತೂಗಿತು. ಒಬ್ಬ ಭುಜ ಕೊಟ್ಟು ತಳ್ಳಿದ. ಆ ಕಾಲು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಅಲ್ಲಿಂದಲೇ ಅವನು ಬಾಗಿ, ಟೇಪು ಸುತ್ತಿದ ಬಲಗೈ ಚಾಚಿ, ಹಿಂಜರಿಯುತ್ತಿದ್ದವನ ಪಾದ ಮುಟ್ಟಿ, ಹಾರಿ ನಡುಗೆರೆಯ ಮೇಲೆ ಬಿದ್ದ.

ಪೆಂಡಾಲು ಹಾರಿ ಹೋಗುವಂಥ ಗದ್ದಲ. ಸಾದಿಕ ಕುರ್ಚಿಯ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದ. "ಚೀರಿದಿ ಅಕ್ಕಾ! ಚೀರಿದಿ!" ಎಂದ. ನಾನು ಚೀರಿದ್ದು ನನಗೆ ಗೊತ್ತಿರಲಿಲ್ಲ.

ಬಟ್ಟೆ ಬದಲಿಸುವ ಶೆಡ್ಡಿನ ಹಿಂದೆ ನಾವು ನಾಲ್ವರೇ ಇದ್ದಾಗ ಲಖನಶೇಠ ಬಂದ. ಮುಖದಲ್ಲಿ ನಗುವಿತ್ತು.

"ಬರೂಮುಂದ ಕರೀದು, ಆಡೂಮುಂದ ಬಿಳೀದು. ಇದ್ಯಾವ ಆಟ ಬೀರೂ?"

ತಮ್ಮ ಬಾಯಿ ತೆರೆಯುವ ಮೊದಲೇ ಅವ್ವ ಮುಂದೆ ಬಂದಳು. "ನಾನ ಕಟ್ಟೇನ್ರಿ ಅದನ್ನ. ಕುರಿ ಉಣ್ಣಿದು. ಎಂಥಾ ಕಣ್ಣ ಬಿದ್ರೂ ಬಿಡಸ್ತೈತಿ. ನಿಮಗೂ ಒಂದ ಕಟ್ಲೇನ್ರಿ? ಮಾರಿ ಬಾಳ ಬಾಡೇತಿ ನಿಮ್ದು."

ಸಾದಿಕ ಕೆಮ್ಮಿದ. ಲಖನಶೇಠ ಅವ್ವನನ್ನು ನೋಡಿದ, ಟೇಪನ್ನು ನೋಡಿದ, ಆಮೇಲೆ ನನ್ನನ್ನು. ಅವನು ನನ್ನನ್ನು ನಿಜವಾಗಿ ನೋಡಿದ್ದು ಅದೇ ಮೊದಲು.

"ಈಕಿ ಮಾತಾಡಾಂಗಿಲ್ಲ ಅಂದಿದ್ದಿ," ಎಂದು ಬೀರದೇವನಿಗೆ ಹೇಳಿ ಹೊರಟುಹೋದ. ನಗು ಹಾಗೇ ಇತ್ತು.

ಅವ್ವ ನೀರು ತರಲು ಹೋದಳು. ಬೀರದೇವ ಕಲ್ಲಿನ ಮೇಲೆ ಕೂತ. "ಯಾಕ ಹೇಳಿದಿ ಅಂಪೈರಿಗೆ?"

"ಕ್ಯಾಮೆರಾದಾಗ ಕರೀದು ಕಾಣಬಾರ್ದಿತ್ತು."

"ನಾ ಮಾರಕೊಂಡೀನಿ ಅಂತ ತಿಳದಿದ್ದಿ ಹೌದಲ್ಲ?"

ನಾನು ಸುಳ್ಳು ಹೇಳಲಿಲ್ಲ. ಹೂಂ ಎಂದೆ.

ಅವನು ಟೇಪಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. "ಅವ್ವ ಕಟ್ಟೂಮುಂದ ಬ್ಯಾಡ ಅಂದಿದ್ರ ಆಗ್ತಿತ್ತು. ಅನ್ಲಿಲ್ಲ. ಅವ್ರು ನೋಡಿದ್ರ ಹೂಂ ಅಂತ ತಿಳ್ಕೋಲಿ, ಅವ್ವ ನೋಡಿದ್ರ ಕಂಕಣ ಅಂತ ತಿಳ್ಕೋಲಿ, ಮ್ಯಾಟಿನ ಮ್ಯಾಲ ಹೋದ ಮ್ಯಾಲ ನೋಡೋಣ ಅಂದ್ಕೊಂಡ್ನಿ."

"ಏನ ನೋಡ್ತಿದ್ದಿ?"

"ಗೊತ್ತಿದ್ದಿಲ್ಲಕ್ಕ. ದೇವರಾಣಿ ಗೊತ್ತಿದ್ದಿಲ್ಲ. ಸಾದಿಕನ ಕಾಲ ದಿನಾ ಕಣ್ಣ ಮುಂದ ಇರ್ತಿತ್ತು. ನೀ ಟೇಪ್ ಸುತ್ತಿಸಿದಿ, ಆಮ್ಯಾಲ ಒಂದ ಹಾದಿ ಉಳೀತು."

"ಕಾಗವಾಡದ ಕಾಲು?"

"ಜಾರಿತು," ಎಂದ. ನನ್ನ ಕಡೆ ನೋಡಲಿಲ್ಲ.

ಸಾದಿಕ ಊರುಗೋಲು ನೆಲಕ್ಕೆ ಕುಟ್ಟಿದ. "ನಡ್ರಿ ಹೋಗೋಣ ಸ್ಟೇಶನ್ನಿಗೆ. ಇನ್ನ ಅಂವಾ ಬಿಡಾಂಗಿಲ್ಲ. ನನ್ನ ಗಾಡಿ ಜಾರಿಲ್ಲ ಅಂತ ನಾನೂ ಬರ್ಸೂದೈತಿ. ಬಿಳಿ ಕಾರು ತಿಕ್ಕಿತು. ಆಮ್ಯಾಲ ಗ್ಲಾಸ್ ಇಳಿಸಿ, ನಿಮ್ಮ ನಾಯಕಗ ಹೇಳು ಅಂದ್ರು."

ಮುರಗೆಪ್ಪ ಸರ್ ಸುದ್ದಿ ಕೇಳಿ ಬೆವರು ಒರೆಸಿಕೊಂಡರು. "ನಾನ ಕರಕೊಂಡ ಬಂದಿದ್ನೆಲ್ರೋ ಅವನ್ನ. ಜರ್ಸಿ ಕೊಡಸ್ತೀನಿ ಅಂದ, ಕಾಲೇಜಿನಾಗ ಯಾರೂ ಕೊಡ್ಲಿಲ್ಲ," ಎಂದರು. ಅವ್ವನನ್ನು ಹಾಸ್ಟೆಲಿನಲ್ಲಿ ಕೂರಿಸಿ ನಾವು ಹೊರಟಾಗ, ನಮ್ಮೊಂದಿಗೆ ಬರುತ್ತೇನೆಂದು ಅವರೂ ಹೊರಟರು. ದಾರಿಯಲ್ಲಿ ಒಮ್ಮೆ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡಿದರು. ಮನೆಗೇ ಇರಬಹುದು.

ಸ್ಟೇಶನ್ನಿನಲ್ಲಿ ಒಬ್ಬ ಮೇಡಂ ಸಬ್‌ಇನ್‌ಸ್ಪೆಕ್ಟರ್ ಇದ್ದರು. ಬೀರದೇವ ಹೇಳಿದ, ಸಾದಿಕ ಹೇಳಿದ. ಅವರು ಪೆನ್ನು ಇಟ್ಟು, "ಅಂವಾ ಮನಿಗೆ ಬಂದು ಹಿಂಗಂದಾ ಅನ್ನೂದನ್ನ ಕೇಳಿದವ್ರು ಬ್ಯಾರೆ ಯಾರರ ಅದಾರೇನು?" ಎಂದರು.

ತಮ್ಮ ನನ್ನ ಕಡೆ ನೋಡಿದ. ನೀ ಏನೂ ಕೇಳಿಲ್ಲ ಎಂದಿದ್ದವನು ಅವನೇ.

"ನಾ ಇದ್ನಿರಿ," ಎಂದೆ. "ಕಪ್ಪುಬಸಿ ತಗೊಳ್ಳಾಕ ಹೋಗಿದ್ನಿ."

ಚಹಾದಿಂದ ಶುರುಮಾಡಿದೆ. ಲಖನಶೇಠನ ಒಂದೊಂದು ಮಾತೂ ನನ್ನೊಳಗೆ ಇಟ್ಟಲ್ಲೇ ಇತ್ತು, ತೆಗೆದು ತೆಗೆದು ಮೇಜಿನ ಮೇಲಿಟ್ಟಂತೆ ಹೇಳಿದೆ. ಮಿರಜಿನ ಮಂದಿಯ ಮಾತಿಗೆ ಬಂದಾಗ ನಾಲಿಗೆ ನಿಂತಿತು. ಪಕ್ಕದಲ್ಲಿ ಬೀರದೇವ ಟೇಪು ತಿಕ್ಕುವುದನ್ನು ನಿಲ್ಲಿಸಿದ್ದ.

"ಮುಂದ?" ಎಂದರು ಮೇಡಂ.

"ಕಾಗವಾಡದಾಗ ಕಾಲು ಹೊರಗ ಇಟ್ಟಿ, ನಮ್ಮ ಮಂದಿ ಖುಷ್ ಆದ್ರು ಅಂದನ್ರಿ."

"ಇವ್ರು ಏನಂದ್ರು ಅದಕ?"

"ಜಾರಿತು ಅಂದನ್ರಿ."

"ನಿಮಗೇನ ಅನಸ್ತೈತಿ?"

ನಾನು ನನ್ನ ತಮ್ಮನ ಎಡಗಾಲನ್ನು ನೋಡಿದೆ. ಚಪ್ಪಲಿಯ ಪಟ್ಟಿಯಡಿ ಮ್ಯಾಟಿನ ನೀಲಿ ಬಣ್ಣ ಇನ್ನೂ ಹತ್ತಿಕೊಂಡಿತ್ತು.

"ನನಗ ಗೊತ್ತಿಲ್ರಿ," ಎಂದೆ. "ವಿಡಿಯೋ ಐತ್ರಿ."

ಮೊಬೈಲು ನನ್ನ ಕೈಯಲ್ಲೇ ಇತ್ತು, ಆದರೆ ಕೈ ಮೇಲೇಳಲಿಲ್ಲ. ಆಗ ಬೀರದೇವ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ.

"ತೋರ್ಸು ಅಕ್ಕಾ," ಎಂದ. "ನಾನೂ ಒಮ್ಮೆ ನೋಡ್ತೀನಿ."

ಮೇಡಂ ಕನ್ನಡಕ ಹಾಕಿಕೊಂಡರು. ಸಾದಿಕ ಊರುಗೋಲಿನ ಮೇಲೆ ಭಾರ ಹಾಕಿ ಬಗ್ಗಿದ. ನಾನು ಬೆರಳಿನಿಂದ ಹಿಂದಕ್ಕೆಳೆದೆ, ಎಲ್ಲಿಗೆ ಎಳೆಯಬೇಕೆಂದು ಬೆರಳಿಗೆ ಗೊತ್ತಿತ್ತು. ಚಿಕ್ಕ ಪರದೆಯ ಮೇಲೆ ನನ್ನ ತಮ್ಮ ರೇಡಿಗೆ ಹೊರಟ, ಎಡಕ್ಕೆ ಸರಿದ, ಗೆರೆಯ ಹತ್ತಿರ ಬಂದ.